ಇನ್‌ಬ್ರೀಡಿಂಗ್, ಲೈನ್ ಬ್ರೀಡಿಂಗ್: ಮೊಲ ಸಾಕುವವರಿಗೆ ಇವೆರಡರ ಅರ್ಥ

ಹತ್ತಿರದ ರಕ್ತಸಂಬಂಧ ಇರುವ ಮೊಲಗಳನ್ನು ಕೂಡಿಸುವುದು ಇನ್‌ಬ್ರೀಡಿಂಗ್. ಲೈನ್ ಬ್ರೀಡಿಂಗ್ ಕೂಡ ಅದೇ ಜಾತಿಯದ್ದು, ಆದರೆ ಅಲ್ಲೊಂದು ಗುರಿ ಇರುತ್ತದೆ. ಚೆನ್ನಾಗಿ ಮೈಕೈ ತುಂಬಿಕೊಂಡ ಒಂದು ಗಂಡು ಇದೆ ಅನ್ನಿ. ಅದರ ಗುಣ ಮುಂದೆ ಕರಗಿಹೋಗದಂತೆ ಮೊಮ್ಮಗಳನ್ನೋ ಇನ್ನೂ ದೂರದ ಸಂಬಂಧಿಯನ್ನೋ ಲೆಕ್ಕ ಹಾಕಿ ಕೂಡಿಸುತ್ತಾರೆ.

ಆ ಲೆಕ್ಕಕ್ಕೆ ಅಮೆರಿಕದ ತಳಿವಿಜ್ಞಾನಿ ಸೆವಾಲ್ ರೈಟ್ 1922ರಲ್ಲಿ ಸೂತ್ರ ಕೊಟ್ಟ. ಅಪ್ಪನಿಂದ ಬಂದ ಜೀನೂ ಅಮ್ಮನಿಂದ ಬಂದ ಜೀನೂ ಒಂದೇ ಹಿರಿಯ ಮೊಲದ ಒಂದೇ ಜೀನಿನ ನಕಲಾಗಿರುವ ಸಾಧ್ಯತೆ ಎಷ್ಟು ಅಂತ ಅದು ಶೇಕಡಾದಲ್ಲಿ ಹೇಳುತ್ತದೆ. ಅಪ್ಪ-ಮಗಳಿಗೆ ಅಥವಾ ಅಣ್ಣ-ತಂಗಿಗೆ ಹುಟ್ಟಿದ ಮರಿಗೆ ಶೇ. 25. ಅಜ್ಜ-ಮೊಮ್ಮಗಳ ಮರಿಗೆ ಶೇ. 12.5. ಒಡಹುಟ್ಟಿದವನ್ನೇ ಮೂರು ತಲೆಮಾರು ಕೂಡಿಸುತ್ತಾ ಹೋದರೆ ಶೇ. 50! ಮೊಲ ಸುಮಾರು 31 ದಿನಕ್ಕೆ ಮರಿ ಹಾಕುತ್ತದೆ, ಆ ಮರಿ ಐದಾರು ತಿಂಗಳಿಗೆ ಬೆದೆಗೆ ಸಿದ್ಧ. ಹಾಗಾಗಿ ಎರಡೇ ವರ್ಷದಲ್ಲಿ ಅಲ್ಲಿಗೆ ಮುಟ್ಟಬಹುದು. ಹಸುವಿನಲ್ಲಿ ಇಷ್ಟು ಬೇಗ ಆಗೋದಿಲ್ಲ.

ಇದರಿಂದ ಕೆಡುಕು ಹೊಸದಾಗಿ ಹುಟ್ಟುವುದಿಲ್ಲ, ಒಳಗೆ ಅಡಗಿದ್ದ ಕೆಟ್ಟ ಜೀನ್ ಅಪ್ಪ-ಅಮ್ಮ ಎರಡೂ ಕಡೆಯಿಂದ ಸೇರಿದಾಗ ಹೊರಗೆ ಬರುತ್ತದೆ. ಹಲ್ಲನ್ನೇ ನೋಡಿ. ಮೊಲದ ಹಲ್ಲು ಸಾಯುವ ತನಕ ಬೆಳೆಯುತ್ತದೆ, ಮೇಲಿನದ್ದೂ ಕೆಳಗಿನದ್ದೂ ಉಜ್ಜಿಕೊಂಡು ಸವೆಯಬೇಕು. ಕೆಲವು ಮರಿಗಳಲ್ಲಿ ಕೆಳಗಿನ ಬಾಚಿಹಲ್ಲು ಮುಂದಕ್ಕೆ ಚಾಚುತ್ತದೆ, ಮೇಲಿನದ್ದು ಬಾಯೊಳಗೇ ಸುರುಳಿ ಸುತ್ತುತ್ತದೆ. ಮೇವು ಮುಂದಿದ್ದರೂ ಕಚ್ಚಲಾಗದೆ ಮರಿ ಸೊರಗುತ್ತದೆ. ಇದು ವಂಶದಲ್ಲೂ ಬರುತ್ತದೆ. ಅಪ್ಪ-ಅಮ್ಮ ಎರಡರ ಹಲ್ಲೂ ನೆಟ್ಟಗಿದ್ದರೂ ಮರಿಗೆ ಬರಬಹುದು. ಅಂಥ ಮರಿಯನ್ನು ತಳಿಗೆ ಉಳಿಸಿಕೊಳ್ಳಲೇಬಾರದು, ಅದೇ ಜೋಡಿಯನ್ನು ಮತ್ತೆ ಕೂಡಿಸಲೂಬಾರದು.

ಮಾಂಸಕ್ಕೆ ಸಾಕುವವರಿಗೆ ಜೇಬಿಗೆ ತಟ್ಟುವುದು ಬೇರೆ ಕಡೆ. ಸೂಲಿಗೆ ಮರಿ ಕಡಿಮೆ, ಹಾಲು ಬಿಡುವ ಹೊತ್ತಿಗೆ ಉಳಿಯುವುದು ಇನ್ನೂ ಕಡಿಮೆ, ತೂಕವೂ ಹಿಂದೆ. ಇದು ನಿಧಾನಕ್ಕೆ ಆಗುವುದರಿಂದ ಫೀಡನ್ನೋ ಹವೆಯನ್ನೋ ಬೈದುಕೊಂಡು ಕೂರುತ್ತೇವೆ. ಪ್ರತಿ ಗೂಡಿಗೆ ಕಾರ್ಡ್ ಇಲ್ಲದೆ, ಯಾವ ಮರಿ ಯಾರದ್ದು ಅಂತ ಬರೆದಿಡದೆ ಲೈನ್ ಬ್ರೀಡಿಂಗ್ ಮಾಡ್ತೀನಿ ಅನ್ನೋದು ಸುಮ್ನೆ ಮಾತು, ಅಲ್ವಾ?

ನನ್ನ ಕೇಳಿದರೆ, ಲೈನ್ ಬ್ರೀಡಿಂಗ್ ತಳಿಮೊಲಗಳಿಗಷ್ಟೇ ಇರಲಿ. ಮಾರುವ ಮರಿಗಳಿಗೆ ಎರಡು ಬೇರೆ ವಂಶಗಳನ್ನು ಕೂಡಿಸುವುದೇ ಲಾಭ. ನ್ಯೂಜಿಲೆಂಡ್ ವೈಟ್ ತಳಿಯ ಜೊತೆ ಕ್ಯಾಲಿಫೋರ್ನಿಯನ್ ತಳಿ ಕೂಡಿಸುವುದು ಇದಕ್ಕೇ. ಸಂಬಂಧವೇ ಇಲ್ಲದ ಗಂಡು ಬಂದರೆ ಹಿಂದಿನ ಶೇಕಡಾ ಎಷ್ಟೇ ಇರಲಿ, ಮುಂದಿನ ಸೂಲಿನಲ್ಲೇ ಸೊನ್ನೆಗೆ ಇಳಿಯುತ್ತದೆ. ನಮ್ಮಲ್ಲಿ ಏಳು ಹೆಣ್ಣು, ಮೂರು ಗಂಡು ಸೇರಿಸಿ ಒಂದು ಯೂನಿಟ್ ಅಂತ ಮಾರುವವರಿದ್ದಾರೆ. ತರುವ ಮೊದಲು ಆ ಮೂರು ಗಂಡು ಯಾವ ತಾಯಿಯವು, ಹೆಣ್ಣುಗಳ ಅಪ್ಪ ಯಾವುದು ಅಂತ ಕೇಳಿ.