ಮ್ಯಾಗಿಯ ಕಿವಿ ಎಷ್ಟು ಚುರುಕು?

1912ರಲ್ಲಿ ಟೈಟಾನಿಕ್ ಹಡಗಿನ ನಿಸ್ತಂತು ಕೊಠಡಿಯಲ್ಲಿ ರೇಡಿಯೊ ಅಲೆಗಳನ್ನು ಪತ್ತೆ ಹಚ್ಚುತ್ತಿದ್ದ ಸಾಧನ ಒಂದು ಮರದ ಪೆಟ್ಟಿಗೆ. ಅದರ ಮೇಲೆ ಎರಡು ರಾಟೆ. ಸಣ್ಣ ಕಬ್ಬಿಣದ ಎಳೆಗಳ ಪಟ್ಟಿಯೊಂದು, ಕೀಲಿ ಕೊಟ್ಟ ಗಡಿಯಾರಯಂತ್ರದ ಬಲದಿಂದ ಅವುಗಳನ್ನು ನಿಧಾನವಾಗಿ ಸುತ್ತುತ್ತಿತ್ತು. ನಡುವೆ ಗಾಜಿನ ನಳಿಕೆ, ಅದಕ್ಕೆ ತಂತಿಯ ಸುರುಳಿ, ಪಕ್ಕದಲ್ಲಿ ಲಾಳಾಕಾರದ ಅಯಸ್ಕಾಂತಗಳು. ಕಾಂತತ್ವ ಬದಲಿಸಿಕೊಳ್ಳಲು ಕಬ್ಬಿಣ ಸದಾ ಹಿಂದೇಟು ಹಾಕುತ್ತದೆ. ಆಂಟೆನಾದಿಂದ ಅಲೆ ಬಂದೊಡನೆ ಆ ಹಿಂದೇಟು ಕಳಚಿಕೊಳ್ಳುತ್ತದೆ, ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ, ಕಿವಿಗಿಟ್ಟ ಟೆಲಿಫೋನ್ ಸದ್ದು ಮಾಡುತ್ತದೆ. ಮಾರ್ಕೋನಿ 1902ರಲ್ಲಿ ರೂಪಿಸಿದ ಈ ಮ್ಯಾಗ್ನೆಟಿಕ್ ಶೋಧಕವನ್ನು ಹಡಗಿನ ಆಪರೇಟರುಗಳು ಮ್ಯಾಗಿ ಎಂದು ಕರೆಯುತ್ತಿದ್ದರು. (ನೂಡಲ್ಸಿಗೂ ಇದಕ್ಕೂ ಸಂಬಂಧವಿಲ್ಲ.)

ಆ ಹೊತ್ತಿಗೆ ಇದಕ್ಕಿಂತ ಸೂಕ್ಷ್ಮವಾದ ಶೋಧಕಗಳು ಇದ್ದವು. ಫೆಸೆಂಡನ್ ರೂಪಿಸಿದ ಶೋಧಕದಲ್ಲಿ ಕೂದಲಿಗಿಂತ ತೆಳುವಾದ ಪ್ಲಾಟಿನಂ ತಂತಿಯ ತುದಿ ಆಮ್ಲವನ್ನು ಸೋಕಿಯೂ ಸೋಕದಂತೆ ನಿಂತಿರುತ್ತಿತ್ತು. ಪಿಕಾರ್ಡ್ 1906ರಲ್ಲಿ ಸಿಲಿಕಾನ್ ಹರಳನ್ನು ತಂದಿದ್ದರು. ಗೆಲೀನಾ ಎಂಬ ಸೀಸದ ಅದಿರಿನ ಹರಳಿನ ಶೋಧಕಕ್ಕೆ ನಮ್ಮ ಜಗದೀಶಚಂದ್ರ ಬೋಸರಿಗೆ 1904ರಲ್ಲೇ ಅಮೆರಿಕದ ಪೇಟೆಂಟ್ ಸಿಕ್ಕಿತ್ತು.

ಹಾಗಿದ್ದರೂ ಯಾವುದು ಎಷ್ಟು ಸೂಕ್ಷ್ಮ ಎಂದು ಅಳೆಯುವುದು ಸುಲಭವಿರಲಿಲ್ಲ. ಎಲ್ಲಕ್ಕಿಂತ ಹಳೆಯದಾದ, ಕೊಹೀರರ್ ಎಂಬ ಶೋಧಕವನ್ನೇ ನೋಡಿ. ಗಾಜಿನ ನಳಿಕೆಯಲ್ಲಿ ತುಂಬಿದ ಲೋಹದ ಪುಡಿ, ವೋಲ್ಟೇಜು ಒಂದು ಮಿತಿ ದಾಟಿದರೆ ಒಮ್ಮೆಗೇ ಅಂಟಿಕೊಂಡು ವಿದ್ಯುತ್ತಿಗೆ ದಾರಿ ಬಿಡುತ್ತದೆ. ಪುಟ್ಟ ಸುತ್ತಿಗೆ ತಟ್ಟಿ ಬಿಡಿಸುವವರೆಗೆ ಹಾಗೆಯೇ ಇರುತ್ತದೆ. ಸಂಕೇತ ಜೋರೋ ಕ್ಷೀಣವೋ ಎಂಬುದು ಅದಕ್ಕೆ ತಿಳಿಯದು. ಮಿಂಚು ಹೊಡೆದರೂ ಅದೇ ಉತ್ತರ. ಮ್ಯಾಗಿಗೆ ಬೇಕಾದದ್ದು ಸುರುಳಿಯಲ್ಲಿ ಹರಿಯುವ ಕರೆಂಟು. ಹರಳಿಗೆ ಬೇಕಾದದ್ದು ವೋಲ್ಟೇಜು. ಎಲ್ಲವನ್ನೂ ಒಂದೇ ಮಂಡಲಕ್ಕೆ ಜೋಡಿಸಿ ಹೋಲಿಸಿದರೆ ಯಾವುದೋ ಒಂದಕ್ಕೆ ಅನ್ಯಾಯ ಖಚಿತ.

ಅಳತೆಯ ಉಪಾಯವೂ ತಮಾಷೆಯದು. ಟೆಲಿಫೋನಿಗೆ ಸಮಾಂತರವಾಗಿ ಒಂದು ರೋಧಕ ಜೋಡಿಸಿ, ಮೋರ್ಸ್ ಚುಕ್ಕೆ-ಗೆರೆಗಳ ಸದ್ದು ಇನ್ನೇನು ಕೇಳದಾಗುವವರೆಗೆ ಅದರ ಮೌಲ್ಯ ಇಳಿಸುತ್ತಿದ್ದರು. ಎಷ್ಟು ಇಳಿಸಬೇಕಾಯಿತು ಎಂಬುದರಿಂದ ಸಂಕೇತದ ಬಲದ ಲೆಕ್ಕ. ಇದರಲ್ಲಿ ಶೋಧಕದ ಜೊತೆ ಟೆಲಿಫೋನಿನ ಗುಣ, ಕೋಣೆಯ ಗದ್ದಲ, ಕೇಳುವವನ ಕಿವಿ ಎಲ್ಲವೂ ಸೇರಿಕೊಳ್ಳುತ್ತಿದ್ದವು. ನನಗಂತೂ ಆ ಕಾಲದ ಅಂಕಿಗಳನ್ನು ದಶಾಂಶದವರೆಗೆ ನಂಬುವ ಧೈರ್ಯವಿಲ್ಲ.

ಹಡಗಿನವರ ಲೆಕ್ಕ ಬೇರೆಯೇ ಇತ್ತು. ಹರಳಿನ ಮೇಲೆ ಚುರುಕಾದ ಬಿಂದುವನ್ನು ಸೂಜಿಯಿಂದ ತಡಕಿ ಹುಡುಕಬೇಕು. ಹಡಗು ಅದುರಿದರೆ, ತಮ್ಮದೇ ಪ್ರೇಷಕದ ಕಿಡಿ ಹಾರಿದರೆ ಅದು ಕೈತಪ್ಪುತ್ತದೆ. ಆಮ್ಲದ ಬಟ್ಟಲು ಅಲೆಗಳ ಹೊಯ್ದಾಟಕ್ಕೆ ಹೇಳಿಸಿದ್ದಲ್ಲ. ಮ್ಯಾಗಿಗೆ ಆಗಾಗ ಕೀಲಿ ಕೊಟ್ಟರೆ ಸಾಕಿತ್ತು.

ಚುರುಕುತನದ ಪೈಪೋಟಿಯ ದಿಕ್ಕು ಬದಲಿಸಿದ್ದು ಡಿ ಫಾರೆಸ್ಟ್ ಮಾಡಿದ, ಸಂಕೇತವನ್ನು ಹಿಗ್ಗಿಸಬಲ್ಲ ಮೂರು ವಿದ್ಯುದ್ವಾರಗಳ ಕವಾಟ (ವಾಲ್ವ್) ಮತ್ತು ಅದಕ್ಕೆ ಆರ್ಮ್‌ಸ್ಟ್ರಾಂಗ್ ಸೇರಿಸಿದ ಮರುಪೂರಣ, ಅಂದರೆ ಹೊರಬಂದ ಸಂಕೇತದ ಒಂದು ಪಾಲನ್ನು ಮತ್ತೆ ಒಳಗೆ ಕೊಟ್ಟು ಇನ್ನಷ್ಟು ಹಿಗ್ಗಿಸುವ ಉಪಾಯ. ಕ್ಷೀಣ ಸಂಕೇತಗಳ ಮಟ್ಟದಲ್ಲಿ ಹರಳಿನಂಥ ಶೋಧಕದಿಂದ ಹೊರಬರುವ ಕರೆಂಟು ಒಳಬಂದ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ: ವೋಲ್ಟೇಜು ಅರ್ಧವಾದರೆ ಕರೆಂಟು ಕಾಲು ಭಾಗಕ್ಕೆ ಇಳಿಯುತ್ತದೆ. ಕ್ಷೀಣ ಸಂಕೇತಕ್ಕೆ ಶಾಪವಾಗಿದ್ದ ಈ ನಿಯಮವೇ ವರವಾಯಿತು. ಪತ್ತೆಗೆ ಮೊದಲೇ ವೋಲ್ಟೇಜನ್ನು ಹತ್ತು ಪಟ್ಟು ಹಿಗ್ಗಿಸಿದರೆ, ಅದೇ ಹರಳಿನಿಂದ ನೂರು ಪಟ್ಟು ಕರೆಂಟು ಬರುತ್ತಿತ್ತು.