ಬ್ಯಾಕ್ ಡೊನೇಷನ್: ಲೋಹ ವಾಪಸ್ ಕೊಡುವ ಎಲೆಕ್ಟ್ರಾನ್

ಕಾರ್ಬನ್ ಮೊನಾಕ್ಸೈಡ್‌ನಲ್ಲಿ, ಅಂದರೆ ಸಿಓದಲ್ಲಿ, ಕಾರ್ಬನ್‌ಗೂ ಆಕ್ಸಿಜನ್‌ಗೂ ನಡುವೆ ಮೂರೆಳೆಯ ಗಟ್ಟಿ ಬಂಧ ಇದೆ. ಹೊರಗಿನವರ ಹಂಗೇ ಬೇಡ ಅನ್ನುವಂಥ ಅಣು. ಆದರೂ ನಿಕಲ್, ಪ್ಲಾಟಿನಂ, ಪಲ್ಲೇಡಿಯಂ ಸಿಕ್ಕರೆ ಹೋಗಿ ಅಂಟಿಕೊಳ್ಳುತ್ತದೆ. ಯಾಕೆ ಅನ್ನುವುದಕ್ಕೆ ರಸಾಯನಶಾಸ್ತ್ರಜ್ಞರ ಉತ್ತರವೇ ಬ್ಯಾಕ್ ಡೊನೇಷನ್.

ಕಾರ್ಬನ್ ತುದಿಯಲ್ಲಿ ಒಂದು ಜೋಡಿ ಎಲೆಕ್ಟ್ರಾನ್ ಸುಮ್ನೆ ಕೂತಿರುತ್ತದೆ. ಅದು ಲೋಹದ ಖಾಲಿ ಆರ್ಬಿಟಲ್ ಕಡೆಗೆ, ಅಂದರೆ ಎಲೆಕ್ಟ್ರಾನ್ ಕೂರಬಹುದಾದ ಖಾಲಿ ಜಾಗದ ಕಡೆಗೆ, ಚಾಚಿಕೊಳ್ಳುತ್ತದೆ. ಇದು ಡೊನೇಷನ್. ಇಷ್ಟೇ ಆಗಿದ್ದರೆ ಬಂಧ ಸಡಿಲವಾಗಿಯೇ ಇರುತ್ತಿತ್ತು. ಆದರೆ ಲೋಹವೂ ತನ್ನ ಡಿ ಅನ್ನುವ ಬಗೆಯ ಆರ್ಬಿಟಲ್‌ನಿಂದ ಸ್ವಲ್ಪ ಎಲೆಕ್ಟ್ರಾನನ್ನು ಸಿಓ ಕಡೆಗೆ ತಳ್ಳುತ್ತದೆ, ಮದುವೆಯಲ್ಲಿ ಬಂದ ಮುಯ್ಯಿಯನ್ನು ತೀರಿಸಿದ ಹಾಗೆ. ತಮಾಷೆ ಏನೆಂದರೆ, ಹಾಗೆ ಬಂದದ್ದು ಸೇರುವುದು ಸಿಓದ ಆಂಟಿಬಾಂಡಿಂಗ್ ಆರ್ಬಿಟಲ್‌ಗೆ, ಅಂದರೆ ಬಂಧವನ್ನು ಸಡಿಲಿಸುವ ಜಾಗಕ್ಕೆ. ಅಲ್ಲಿ ಎಲೆಕ್ಟ್ರಾನ್ ತುಂಬಿದಷ್ಟೂ ಕಾರ್ಬನ್–ಆಕ್ಸಿಜನ್ ಬಂಧ ಸೊರಗುತ್ತದೆ, ಲೋಹ–ಕಾರ್ಬನ್ ಬಂಧ ಬಲಿಯುತ್ತದೆ.

ಇದು ಮೊದಲು ಸ್ಪಷ್ಟವಾದದ್ದು ಲೋಹದ ಮೇಲ್ಮೈಯಲ್ಲಲ್ಲ, ಬಿಡಿ ಅಣುಗಳಲ್ಲಿ. 1890ರಲ್ಲಿ ಇಂಗ್ಲೆಂಡ್‌ನಲ್ಲಿ ಲುಡ್ವಿಗ್ ಮಾಂಡ್ ಮತ್ತು ಜೊತೆಗಾರರು ನಿಕಲ್ ಪುಡಿಯ ಮೇಲೆ ಸಿಓ ಹಾಯಿಸಿದಾಗ ನಿಕಲ್ ಕಾರ್ಬೊನಿಲ್ ಸಿಕ್ಕಿತು. ಒಂದು ನಿಕಲ್, ಸುತ್ತ ನಾಲ್ಕು ಸಿಓ. 43 ಡಿಗ್ರಿಗೇ ಕುದಿಯುವ, ಬಣ್ಣವಿಲ್ಲದ, ಭಾರೀ ವಿಷದ ದ್ರವ. ಗಟ್ಟಿ ಲೋಹವೊಂದು ಹೀಗೆ ಆವಿಯಾಗಿ ಹಾರಿಹೋಗುತ್ತದೆ ಅಂದರೆ ನಂಬುವುದೇ ಕಷ್ಟ, ಅಲ್ವಾ? ಇಂಥ ಕಾರ್ಬೊನಿಲ್‌ಗಳು ಬೇಕಾದಷ್ಟಿವೆ. ಯಾವ ಪರಮಾಣು ಎಲ್ಲಿದೆ ಅಂತ ಅಳೆದು ಹೇಳಬಹುದು. ಲೋಹದ ತುಂಡಿನ ಮೇಲೆ ಒಂದೇ ಪದರವಾಗಿ ಕೂತ ಅನಿಲಕ್ಕೆ ಆ ಸೌಲಭ್ಯ ಇರಲಿಲ್ಲ.

ಬಿಡಿ ಅಣು, ಮೇಲ್ಮೈ ಎರಡನ್ನೂ ಜೋಡಿಸಿದ್ದು ಇನ್‌ಫ್ರಾರೆಡ್ ಬೆಳಕು. ಅಣುವಿನ ಬಂಧ ಎಷ್ಟು ವೇಗವಾಗಿ ಕಂಪಿಸುತ್ತದೆ ಅಂತ ಅದರಿಂದ ಗೊತ್ತಾಗುತ್ತದೆ. ಒಂಟಿ ಸಿಓ 2,143 ತರಂಗಸಂಖ್ಯೆಯಲ್ಲಿ (ಒಂದು ಸೆಂಟಿಮೀಟರ್‌ನಲ್ಲಿ ಎಷ್ಟು ಅಲೆ ಅನ್ನುವ ಲೆಕ್ಕ) ಕಂಪಿಸುತ್ತದೆ. ನಿಕಲ್ ಕಾರ್ಬೊನಿಲ್‌ನಲ್ಲಿ ಅದು 2,060ರ ಆಸುಪಾಸಿಗೆ ಇಳಿಯುತ್ತದೆ. ಒಂದೇ ಸಿಓ ಎರಡು ಲೋಹದ ಪರಮಾಣುಗಳ ನಡುವೆ ಸೇತುವೆಯಂತೆ ಕೂತರೆ 1,850ರ ಹತ್ತಿರಕ್ಕೆ. ಬಂಧ ಸೊರಗಿದಷ್ಟೂ ಸಂಖ್ಯೆ ಇಳಿಯುತ್ತದೆ. 1950ರ ದಶಕದಲ್ಲಿ ರಸಾಯನಶಾಸ್ತ್ರಜ್ಞ ಐಶೆನ್ಸ್ ಮತ್ತು ಜೊತೆಗಾರರು ಲೋಹದ ಪುಡಿಯ ಮೇಲಿನ ಸಿಓವನ್ನು ಅಳೆದಾಗ 2,000ದ ಮೇಲೊಂದು, ಕೆಳಗೊಂದು ಕಂಪನದ ಗುರುತು ಕಂಡವು. ಕಾರ್ಬೊನಿಲ್‌ಗಳ ಸಂಖ್ಯೆಗಳು ಕೈಯಲ್ಲಿದ್ದವು, ಹಾಗಾಗಿ ಯಾವುದು ಒಂದೇ ಪರಮಾಣುವಿನ ಮೇಲೆ ನಿಂತದ್ದು, ಯಾವುದು ಸೇತುವೆ ಅಂತ ಓದಲು ಸಾಧ್ಯವಾಯಿತು. 1964ರಲ್ಲಿ ರಸಾಯನಶಾಸ್ತ್ರಜ್ಞ ಬ್ಲೈಹೋಲ್ಡರ್ ಈ ಕೊಟ್ಟು-ತಗೊಳ್ಳುವ ಲೆಕ್ಕವನ್ನೇ ಮೇಲ್ಮೈಗೆ ಅನ್ವಯಿಸಿದ. ಇವತ್ತಿಗೂ ಅದು ಬ್ಲೈಹೋಲ್ಡರ್ ಮಾದರಿ.

ಈ ಮಾದರಿ ಕೆಲಸಕ್ಕೆ ಬರುತ್ತದೆ. ಪ್ಲಾಟಿನಂ ಮೇಲೆ ಸ್ವಲ್ಪ ಪೊಟ್ಯಾಸಿಯಂ ಸೇರಿಸಿದರೆ ಸಿಓದ ಸಂಖ್ಯೆ ಇನ್ನೂ ಜಾಸ್ತಿ ಇಳಿಯುತ್ತದೆ. ಪೊಟ್ಯಾಸಿಯಂ ಎಲೆಕ್ಟ್ರಾನ್ ಬಿಟ್ಟುಕೊಡುವ ಲೋಹ, ಅದರ ಸಹವಾಸದಲ್ಲಿ ಪ್ಲಾಟಿನಂ ಕೈ ಧಾರಾಳವಾಗುತ್ತದೆ. ಕಾರಿನ ಹೊಗೆಯ ವಿಷ ಕಡಿಮೆ ಮಾಡುವ ಕೆಟಲಿಟಿಕ್ ಕನ್ವರ್ಟರ್ ತಣ್ಣಗಿರುವಾಗ ಸರಿಯಾಗಿ ಕೆಲಸ ಮಾಡದಿರುವುದಕ್ಕೂ ಈ ಗಟ್ಟಿ ಹಿಡಿತ ಒಂದು ಕಾರಣ: ಸಿಓ ಜಾಗವೆಲ್ಲ ಹಿಡಿದು ಕೂತರೆ ಆಕ್ಸಿಜನ್‌ಗೆ ಇಳಿಯಲು ತಾವಿಲ್ಲ.

ಹಾಗಂತ ಮೇಲ್ಮೈ ಅನ್ನುವುದು ದೊಡ್ಡದೊಂದು ಕಾರ್ಬೊನಿಲ್ ಅಲ್ಲ. ಅಲ್ಲಿ ಎಲೆಕ್ಟ್ರಾನ್‌ಗಳು ಇಡೀ ಲೋಹಕ್ಕೆ ಸೇರಿದವು. ಪಕ್ಕದಲ್ಲಿ ಸಿಓ ದಟ್ಟವಾದರೆ ಅವುಗಳ ಕಂಪನ ಒಂದಕ್ಕೊಂದು ತಾಗಿ ಸಂಖ್ಯೆ ಮೇಲೇರುತ್ತದೆ. ಬರೀ ಸಂಖ್ಯೆ ನೋಡಿ ತೀರ್ಪು ಕೊಟ್ಟವರು ಎಡವಿದ್ದಾರೆ.

ಅಣು ಮತ್ತು ಮೇಲ್ಮೈಗಳ ಈ ನಂಟಿಗೆ ನನಗೆ ತುಂಬ ಇಷ್ಟವಾದ ಉದಾಹರಣೆ ಸಿಓದ್ದಲ್ಲ, ಹೈಡ್ರೋಜನ್‌ದು. 1984ರಲ್ಲಿ ಗ್ರೆಗರಿ ಕೂಬಾಸ್ ತಂಡ, ಹೈಡ್ರೋಜನ್ ಅಣು ಒಡೆಯದೆ ಒಂದು ಸಂಯುಕ್ತದೊಳಗಿನ ಟಂಗ್‌ಸ್ಟನ್ ಪರಮಾಣುವಿಗೆ ಅಂಟಿಕೊಂಡಿರುವುದನ್ನು ತೋರಿಸಿತು. ಅದರ ಬಂಧ ಮಾಮೂಲಿಗಿಂತ ಉದ್ದವಾಗಿತ್ತು. ಟಂಗ್‌ಸ್ಟನ್ ಇನ್ನಷ್ಟು ಎಲೆಕ್ಟ್ರಾನ್ ವಾಪಸ್ ಕೊಟ್ಟಿದ್ದರೆ ಆ ಅಣು ಎರಡಾಗಿ ಒಡೆಯುತ್ತಿತ್ತು. ಪ್ಲಾಟಿನಂ ಮೇಲೆ ಹೈಡ್ರೋಜನ್ ಒಡೆಯುವುದೂ ಹೀಗೆಯೇ. ಅಲ್ಲಿ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿದುಹೋಗುವ ಮಧ್ಯದ ಹಂತ, ಇಲ್ಲಿ ಹರಳಾಗಿ ಕೈಗೆ ಸಿಕ್ಕಿತ್ತು.