ಶುಗರ್ ಇದ್ದವರ ವಸಡು: ಈ ಗೊಂದಲ ಎಲ್ಲಿಂದ ಶುರುವಾಯಿತು?

ಹಲ್ಲು ಕ್ಲೀನ್ ಮಾಡಿಸಿದರೆ ಶುಗರ್ ಇಳಿಯುತ್ತದೆ ಅಂತ ಒಬ್ಬರು ಹೇಳುತ್ತಾರೆ. ಅದೆಲ್ಲ ಸುಳ್ಳು, ದೊಡ್ಡ ಅಧ್ಯಯನದಲ್ಲೇ ಗೊತ್ತಾಗಿದೆ ಅಂತ ಇನ್ನೊಬ್ಬರು. ಮನೆಯಲ್ಲಿ ಹಿರಿಯರದ್ದು ಬೇರೆಯೇ ಮಾತು: ಕ್ಲೀನ್ ಮಾಡಿಸಿದರೆ ಇರೋ ಹಲ್ಲೂ ಅಲ್ಲಾಡುತ್ತೆ. ಈ ಕೊನೆಯದನ್ನು ಮೊದಲೇ ಪಕ್ಕಕ್ಕೆ ಇಡಬಹುದು. ಗಟ್ಟಿಯಾಗಿ ಕೂತ ಕೊಳೆ ಒಳಗಿನ ಮೂಳೆಯನ್ನು ಎಷ್ಟು ಕರಗಿಸಿತ್ತು ಅನ್ನುವುದು ಅದನ್ನು ತೆಗೆದಾಗ ಗೊತ್ತಾಗುತ್ತದೆ, ಅಷ್ಟೇ. ಮೊದಲ ಎರಡು ಮಾತುಗಳಿಗೆ ಮಾತ್ರ ಆಧಾರ ಇದೆ. ಎರಡಕ್ಕೂ ಇದೆ, ತೊಡಕು ಇರುವುದೇ ಅಲ್ಲಿ.

ಶುಗರ್ ಇದ್ದವರಿಗೆ ವಸಡಿನ ಕಾಯಿಲೆ ಜಾಸ್ತಿ ಅನ್ನುವುದರಲ್ಲಿ ಈಗ ಯಾರಿಗೂ ಅನುಮಾನ ಇಲ್ಲ. ರಕ್ತದಲ್ಲಿ ಸಕ್ಕರೆ ಏರಿದಾಗ ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳು ಸರಿಯಾಗಿ ಕೆಲಸ ಮಾಡುವುದಿಲ್ಲ, ಒಮ್ಮೆ ಎದ್ದ ಉರಿಯೂತ ಬೇಗ ಇಳಿಯುವುದೂ ಇಲ್ಲ. ವಸಡಿನಲ್ಲಿ ರಕ್ತ ಬರುತ್ತದೆ, ಆಮೇಲೆ ವಸಡು ಹಲ್ಲಿನಿಂದ ಬಿಟ್ಟುಕೊಂಡು ಸಂದು ಆಳವಾಗುತ್ತದೆ. ಆರೋಗ್ಯವಂತರಲ್ಲಿ ಈ ಸಂದು 3 ಮಿಲಿಮೀಟರ್ ಒಳಗೆ ಇರುತ್ತದೆ. ನೋವು ಇರುವುದಿಲ್ಲವಾದ್ದರಿಂದ ಹಲ್ಲು ಅಲ್ಲಾಡುವವರೆಗೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸಿಗರೇಟು ಸೇದುವವರಲ್ಲಿ ರಕ್ತವೂ ಕಡಿಮೆ ಬರುವುದರಿಂದ ಆ ಸುಳಿವೂ ಸಿಗುವುದಿಲ್ಲ. ಜಗಳ ಇರುವುದು ಉಲ್ಟಾ ದಾರಿಯ ಬಗ್ಗೆ. ಊದಿಕೊಂಡ ವಸಡಿನಿಂದ ರಕ್ತಕ್ಕೆ ಸೇರುವ ಉರಿಯೂತದ ರಾಸಾಯನಿಕಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ ಅಂತಾದರೆ, ವಸಡು ವಾಸಿಯಾದಾಗ ಶುಗರ್ ಕೂಡ ಇಳಿಯಬೇಕು ಅಲ್ವಾ?

ವೈದ್ಯರು ಈ ಮಾತಿಗೆ ಬೇಗ ಕಿವಿಗೊಡಲಿಲ್ಲ, ಅದಕ್ಕೆ ಹಳೆಯ ಕಾರಣವೊಂದಿದೆ. 1910ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಮಾಂಟ್ರಿಯಲ್‌ನಲ್ಲಿ ಮಾಡಿದ ಒಂದು ಭಾಷಣದ ನಂತರ, ಮೈಯ ನಾನಾ ಕಾಯಿಲೆಗಳಿಗೆ ಬಾಯಿಯ ಕೊಳೆಯೇ ಮೂಲ ಅನ್ನುವ ಗಾಳಿ ಬೀಸಿ, ಎಷ್ಟೋ ಜನರ ಗಟ್ಟಿ ಹಲ್ಲುಗಳನ್ನೂ ಕಿತ್ತುಹಾಕಿದರು. ಕಾಯಿಲೆ ವಾಸಿಯಾಗಲಿಲ್ಲ. ಆಮೇಲೆ ದಶಕಗಟ್ಟಲೆ ಬಾಯಿ ಒಂದು ಕಡೆ, ಮೈ ಒಂದು ಕಡೆ.

ಇವೆರಡನ್ನು ಮತ್ತೆ ಸೇರಿಸಿದ್ದು ಅಮೆರಿಕದ ಅರಿಜೋನಾ. ಅಲ್ಲಿನ ಗೀಲಾ ನದಿಯ ದಡದ ಮೂಲನಿವಾಸಿಗಳಾದ ಪಿಮಾ ಜನರಲ್ಲಿ ಟೈಪ್ 2 ಶುಗರ್ ವಿಪರೀತ. 1965ರಿಂದ ಅಲ್ಲಿ ಸರ್ಕಾರಿ ಸಂಶೋಧಕರು ವರ್ಷಗಟ್ಟಲೆ ಜನರನ್ನು ಪರೀಕ್ಷಿಸಿದರು. ಶುಗರ್ ಇದ್ದವರಲ್ಲಿ ವಸಡಿನ ಕಾಯಿಲೆಯ ಅಪಾಯ ಸುಮಾರು ಮೂರು ಪಟ್ಟು ಅಂತ ಕಂಡಿತು. ಶುರುವಿನಲ್ಲೇ ವಸಡು ತುಂಬಾ ಕೆಟ್ಟಿದ್ದವರ ಶುಗರ್ ಮುಂದೆ ಹತೋಟಿ ತಪ್ಪುವ ಸಾಧ್ಯತೆ ಜಾಸ್ತಿ ಅಂತಲೂ ಕಂಡಿತು. 1993ರಲ್ಲಿ ವಸಡಿನ ತಜ್ಞ ಹಾರಾಲ್ಡ್ ಲೋ ವಸಡಿನ ಕಾಯಿಲೆಯನ್ನು ಡಯಾಬಿಟಿಸ್‌ನ ಆರನೇ ತೊಡಕು ಅಂತ ಕರೆದರು. ಕಣ್ಣು, ಕಿಡ್ನಿ, ನರಗಳ ಸಾಲಿಗೆ ವಸಡೂ ಸೇರಿತು. ಕಾಗದದ ಮೇಲೆ.

ಹಾಗಾದರೆ ವಸಡಿಗೆ ಚಿಕಿತ್ಸೆ ಕೊಟ್ಟು ನೋಡೋಣ ಅಂತ ಸಣ್ಣಪುಟ್ಟ ಪ್ರಯೋಗಗಳು ನಡೆದವು. ಒಂದರಲ್ಲಿ ಶುಗರ್ ಇಳಿಯಿತು, ಇನ್ನೊಂದರಲ್ಲಿ ಇಲ್ಲ. 2013ರಲ್ಲಿ ಅಮೆರಿಕದ ದೊಡ್ಡ ಪ್ರಯೋಗದ ಫಲಿತಾಂಶ ಬಂತು. 514 ಜನ. ಅರ್ಧ ಜನರಿಗೆ ಹಲ್ಲಿನ ಬೇರಿನವರೆಗೂ ಕ್ಲೀನಿಂಗ್, ಉಳಿದವರಿಗೆ ಆರು ತಿಂಗಳು ಏನೂ ಇಲ್ಲ. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯ ಅಂಕಿ ಎರಡೂ ಗುಂಪಿನಲ್ಲಿ ಹೆಚ್ಚುಕಮ್ಮಿ ಒಂದೇ ಇತ್ತು. ಮುಂದುವರಿಸಿ ಪ್ರಯೋಜನ ಇಲ್ಲ ಅಂತ ಪ್ರಯೋಗವನ್ನು ಮಧ್ಯದಲ್ಲೇ ನಿಲ್ಲಿಸಿದ್ದರು. 'ವಸಡಿನ ಚಿಕಿತ್ಸೆಯಿಂದ ಶುಗರ್ ಇಳಿಯಲ್ಲ' ಅನ್ನುವ ಸುದ್ದಿ ಹುಟ್ಟಿದ್ದು ಹೀಗೆ.

ವಸಡಿನ ತಜ್ಞರು ಸುಮ್ನೆ ಕೂರಲಿಲ್ಲ. ಆ ಪ್ರಯೋಗದಲ್ಲಿ ಚಿಕಿತ್ಸೆ ಆದ ಮೇಲೂ ಮುಟ್ಟಿ ನೋಡಿದ ಜಾಗಗಳಲ್ಲಿ ನೂರಕ್ಕೆ ನಲವತ್ತರ ಆಸುಪಾಸು ರಕ್ತ ಬರುತ್ತಿತ್ತು, ಹಲ್ಲಿನ ಮೇಲೆ ಕೊಳೆ ಧಾರಾಳವಾಗಿ ಇತ್ತು, ಅಂದ ಮೇಲೆ ವಸಡು ವಾಸಿಯೇ ಆಗಿಲ್ಲವಲ್ಲ ಅಂತ ಬರೆದರು. ಬೆಂಕಿ ಬಿದ್ದ ಮನೆಗೆ ಒಂದು ತಂಬಿಗೆ ನೀರು ಎರಚಿ, ನೀರಿನಿಂದ ಬೆಂಕಿ ಆರಲ್ಲ ಅಂದ ಹಾಗಾಯಿತು. ನನಗೆ ಈ ತಕರಾರು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಇನ್ನೊಂದು ಪಕ್ಷದವರ ಮಾತಿನಲ್ಲೂ ಹುರುಳಿದೆ: ಊರಿನ ಕ್ಲಿನಿಕ್ಕಿನಲ್ಲಿ ಜನರಿಗೆ ಸಿಗುವುದೂ ಆ ಒಂದು ತಂಬಿಗೆಯೇ ತಾನೆ.

2018ರಲ್ಲಿ ಲಂಡನ್ನಿನಿಂದ ಉತ್ತರ ಬಂತು. 264 ಜನ, ಪೂರ್ತಿ ಒಂದು ವರ್ಷ. ಒಂದು ಗುಂಪಿಗೆ ವಸಡಿನ ಒಳಗಿನವರೆಗೂ ಕ್ಲೀನಿಂಗ್, ಬೇಕಾದವರಿಗೆ ಸರ್ಜರಿ, ಮತ್ತೆ ಮೂರು ತಿಂಗಳಿಗೊಮ್ಮೆ ಚಿಕಿತ್ಸೆ. ಇನ್ನೊಂದು ಗುಂಪಿಗೆ ಮೇಲು ಮೇಲಿನ ಕ್ಲೀನಿಂಗ್ ಮಾತ್ರ. ವರ್ಷದ ಕೊನೆಗೆ ಮೊದಲ ಗುಂಪಿನ ಎಚ್‌ಬಿಎ1ಸಿ ಇನ್ನೊಂದು ಗುಂಪಿಗಿಂತ 0.6 ಶೇಕಡಾ ಅಂಶ ಕಡಿಮೆ ಇತ್ತು. ಇದು ಒಂದೇ ಕೇಂದ್ರದ ಪ್ರಯೋಗ, ಅದನ್ನು ಮರೆಯಬಾರದು. 2022ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ತಂಡ 35 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗ ಮೂರು-ನಾಲ್ಕು ತಿಂಗಳಿಗೆ 0.43, ಆರು ತಿಂಗಳಿಗೆ 0.30ರಷ್ಟು ಇಳಿಕೆ ಕಂಡಿತು. ಅಂದರೆ ಮಾತ್ರೆ ಬಿಡುವಷ್ಟಲ್ಲ, ಆದರೆ ಲೆಕ್ಕಕ್ಕೆ ಬರುವಷ್ಟು. ಅದೇ ವರ್ಷ, ವೈದ್ಯರಿಗೆ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ ಸಂಸ್ಥೆ, ಶುಗರ್ ಇದ್ದವರಿಗೆ ವಸಡಿನ ಅಪಾಯದ ಬಗ್ಗೆ ಹೇಳಬೇಕು ಅಂತ ತನ್ನ ಮಾರ್ಗಸೂಚಿಯಲ್ಲಿ ಸೇರಿಸಿತು.

ನಮ್ಮಲ್ಲಿ? 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ ದೇಶದಲ್ಲಿ ಶುಗರ್ ಇರುವವರು 10 ಕೋಟಿ ದಾಟಿದ್ದಾರೆ. ಕರ್ನಾಟಕದಲ್ಲಿ 40ಕ್ಕೂ ಹೆಚ್ಚು ಡೆಂಟಲ್ ಕಾಲೇಜುಗಳಿವೆ, ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಬಡ ಹಿರಿಯರಿಗೆ ಹಲ್ಲಿನ ಸೆಟ್ ಉಚಿತವಾಗಿ ಕೊಡುವ ದಂತಭಾಗ್ಯ ಯೋಜನೆಯೂ ಇದೆ, ಒಳ್ಳೆಯದೇ. ಆದರೆ ಅದು ಹಲ್ಲೆಲ್ಲ ಹೋದ ಮೇಲಿನ ಮಾತು. ಶುಗರ್ ಡಾಕ್ಟರು ಪಾದ ನೋಡುತ್ತಾರೆ, ಕಣ್ಣಿಗೆ ಚೀಟಿ ಬರೆದುಕೊಡುತ್ತಾರೆ, ವಸಡಿಗೆ ಚೀಟಿ ಬರೆಯುವುದು ಅಪರೂಪ. ಇತ್ತ ಹಲ್ಲಿನ ಡಾಕ್ಟರು ಶುಗರ್ ಎಷ್ಟಿದೆ ಅಂತ ಕೇಳುವುದು ಹೆಚ್ಚಾಗಿ ಹಲ್ಲು ಕೀಳುವ ದಿನವೇ.